ಬ್ಯಾನಿಗೆ ಕರೆಂಟ್ ಹಚ್ಚೋದು: ಮೀನಿನಿಂದ ಮಷೀನ್ ತನಕ

ನಮ್ಮ ಕಡೆ ಹೆಣ್ಣಮಕ್ಕಳು ಯಾರೂ "ಫಿಜಿಯೋಥೆರಪಿಗೆ ಹೋಗಿದ್ದೆ" ಅನ್ನಂಗಿಲ್ಲ. "ಕರೆಂಟ್ ಹಚ್ಚಿಸ್ಕೊಂಡ ಬಂದೆ" ಅಂತಾರ. ಇಂಡಿ ಕಡೆನೂ ಇದ ಮಾತು, ಸಿಂದಗಿ ಕಡೆನೂ ಇದ ಮಾತು. ಮುದ್ದೇಬಿಹಾಳದ ನಮ್ಮ ಚಿಗವ್ವ ಮಾತ್ರ "ಶಾಕ್ ಕೊಡಿಸ್ಕೊಂಡೆ" ಅಂದು ಕೇಳಿದವರ ಎದಿ ಝಲ್ ಅನ್ನಿಸ್ತಾಳ. ಈಗ ನಾಲ್ಕೈದು ವರ್ಷದಾಗ ಆ ಕರೆಂಟ್ ದವಾಖಾನಿ ಬಿಟ್ಟು ಮನಿಗೇ ಬಂದದ. ಹಳೇ ಬಟನ್ ಮೊಬೈಲಿನಷ್ಟು ಒಂದು ಡಬ್ಬಿ, ಎರಡು ವಾಯರು, ನಾಲ್ಕು ಅಂಟು ಪ್ಯಾಡು, ಒಳಗ ಒಂದು ಸಣ್ಣ ಬ್ಯಾಟರಿ. ಹೆಸರು ಟೆನ್ಸ್. ಪೂರಾ ಹೆಸರು ಟ್ರಾನ್ಸ್‌ಕ್ಯುಟೇನಿಯಸ್ ಎಲೆಕ್ಟ್ರಿಕಲ್ ನರ್ವ್ ಸ್ಟಿಮ್ಯುಲೇಶನ್ ಅಂತ. ಹೇಳೂದ್ರೊಳಗ ಅರ್ಧ ಬ್ಯಾನಿ ಮರ್ತ ಹೋಗ್ತದ. ಅರ್ಥ ಮಾತ್ರ ಸರಳ ಅದ: ಚರ್ಮದ ಮ್ಯಾಲಿಂದ ನರಕ್ಕ ಸಣ್ಣ ಕರೆಂಟ್ ಮುಟ್ಟಿಸೋದು.

ಬಾಗೇವಾಡಿಯೊಳಗ ನಮ್ಮ ಮನಿಗೆ ಇದು ಬಂದಾಗಿನಿಂದ, ಬಂದವರೆಲ್ಲಾ ಒಂದ ಪ್ರಶ್ನಿ ಕೇಳ್ತಾರ: "ಎಷ್ಟ ದಿನ ಹಚ್ಚಿದ್ರ ಬ್ಯಾನಿ ಬೇರಸಹಿತ ಹೋಗ್ತದ?" ಹೋಗಂಗಿಲ್ಲ. ಹಚ್ಚಿದಷ್ಟು ಹೊತ್ತು ಕಡಿಮಿ ಆಗ್ತದ, ತೆಗದ ಮ್ಯಾಲ ಇನ್ನೊಂದಿಷ್ಟು ಹೊತ್ತು ಇರ್ತದ, ಆಮ್ಯಾಲ ಬ್ಯಾನಿ ತಿರಗಿ ಬರ್ತದ. "ಹಂಗಾದ್ರ ಏನ ಉಪಯೋಗ ಬಂತು?" ಅಂತ ಚಹಾ ಅರ್ಧಕ್ಕ ಬಿಟ್ಟು ಎದ್ದ ಹೋದವರೂ ಅದಾರ. ಈ ಪ್ರಶ್ನಿ ಹೊಸಾದಲ್ಲ, ಸುಮಾರು 2000 ವರ್ಷದ್ದು. ಆ ಕತಿ ಓದಕೋತ ಹೋದಂಗ ನನಗ ಕಂಡದ್ದಿಷ್ಟ: ಈ ಕರೆಂಟ್ ಯಾವ ಕಾಲಕ್ಕೂ ಘಳಿಗಿ ಹೊತ್ತಿನ ಸಮಾಧಾನನ ಕೊಟ್ಟದ. ಅದನ್ನ ಅಷ್ಟಕ್ಕ ಬಳಸಿದವರಿಗೆ ಉಪಕಾರ ಆಗ್ಯದ, ಅದನ್ನ ರೋಗಕ್ಕ ಔಷಧ ಅಂತ ಮಾರಿದವರಿಂದ ಜನಕ್ಕ ತ್ರಾಸ ಆಗ್ಯದ.

ಕರೆಂಟಿಗಿಂತ ಮೊದಲ ನಮ್ಮ ಆಯಿಗೋಳು ಏನ ಮಾಡ್ತಿದ್ರು ಅದನ್ನ ಮೊದಲ ನೋಡೋಣ, ಯಾಕಂದ್ರ ಮುಂದ ಅದರ ಸುದ್ದಿ ಮತ್ತ ಬರ್ತದ. ನಮ್ಮ ನಾಲ್ಕು ತಾಲೂಕಿನ ಹೆಣ್ಣಮಕ್ಕಳ ಕೆಲಸ ನಿಮಗ ನಾ ಹೇಳೂದೇನದ. ಇಂಡಿ ಕಡೆ ಲಿಂಬಿ ತ್ವಾಟ, ಮುಳ್ಳಿನ ಗಿಡದ ಕೆಳಗ ಬಾಗಿ ಹಣ್ಣ ಆರಿಸೋದು. (ಇಂಡಿ ಲಿಂಬಿಗೆ ಜಿಐ ಟ್ಯಾಗ್ ಸಿಕ್ಕದ, ಆರಿಸೋ ಹೆಣ್ಣಮಕ್ಕಳ ಟೊಂಕಕ್ಕ ಇನ್ನೂ ಏನೂ ಸಿಕ್ಕಿಲ್ಲ.) ಸಿಂದಗಿ, ಮುದ್ದೇಬಿಹಾಳದಾಗ ಬಿಳಿಜ್ವಾಳ, ತೊಗರಿ, ಕುಂತು ಕುಂತು ಸರಕೋತ ಕಸ ತೆಗಿಯೋದು. ಮನಿಗೆ ಬಂದ್ರ ನೀರಿನ ಕೊಡ, ನೆಲಕ್ಕ ಕುಂತು ದಿನಾ ಇಪ್ಪತ್ತು ಮೂವತ್ತು ರೊಟ್ಟಿ ಬಡಿಯೋದು. ನಲವತ್ತು ದಾಟೂದ್ರೊಳಗ ಮೊಣಕಾಲು, ಟೊಂಕ, ಹೆಗಲು ಮೂರೂ ಮಾತಾಡಾಕ ಸುರು ಮಾಡ್ತಾವ.

ಅದಕ್ಕ ಔಡಲ ಎಣ್ಣಿ ಸವರಿ, ಎಕ್ಕಿ ಎಲಿ ಕಾಸಿ ಕಟ್ಟತಿದ್ರು. ಉಪ್ಪಿನ ಗಂಟು ಹಂಚಿನ ಮ್ಯಾಲ ಬಿಸಿ ಮಾಡಿ ಶಾಖ ಕೊಡತಿದ್ರು. ಬಾಣಂತಿ ಹೊರಸಿನ ಕೆಳಗ ಕೆಂಡದ ಅಗ್ಗಿಷ್ಟಗಿ ಇಡತಿದ್ರು. ಇವ್ಯಾವಕ್ಕೂ ಜಗ್ಗದ ಬ್ಯಾನಿಗೆ ಚುಟಗಿ. ಕಾಸಿದ ಕಬ್ಬಿಣ ಚುಂಯ್ ಅಂತ ಚರ್ಮಕ್ಕ ಮುಟ್ಟಸೋದು. ನಮ್ಮ ತಾಯಿಯ ತಾಯಿ ಟೊಂಕದ ಮ್ಯಾಲ ಎರಡು ಕಡೆ ಕಾಸಿನಗಲ ಕಲಿ ಇದ್ದವು, ನಾವು ಸಣ್ಣವರಿದ್ದಾಗ ಮುಟ್ಟಿ ಮುಟ್ಟಿ ನೋಡತಿದ್ದಿವಿ. ಇದು ಬರೇ ಹಳ್ಳಿ ಮಂದಿ ಪದ್ಧತಿ ಅಂತ ತಿಳೀಬ್ಯಾಡ್ರಿ. ಸುಶ್ರುತ ಸಂಹಿತೆಯೊಳಗ ಅಗ್ನಿಕರ್ಮ ಅಂತ ಇದಕ್ಕೊಂದು ಅಧ್ಯಾಯನ ಅದ. ಆದ್ರ ಎಳಿ ಕೂಸಿನ ಹೊಟ್ಟಿಗೂ ಚುಟಗಿ ಹಾಕಸೋರು ಅದಾರಲ್ಲ, ಅದನ್ನ ಮಾತ್ರ ನಾ ಯಾವ ಗ್ರಂಥ ತೋರಿಸಿದ್ರೂ ಒಪ್ಪಂಗಿಲ್ಲ.

ಆಮ್ಯಾಲ ಬಾಮ್ ಬಂತು. ಕಾಶೀನಾಥುನಿ ನಾಗೇಶ್ವರರಾವ್ ಅನ್ನೋ ಆಂಧ್ರದವರು ಮುಂಬಯಿಯೊಳಗ ಅಮೃತಾಂಜನ ಸುರು ಮಾಡಿದ್ದು 1893ರಾಗ. ಆಗ ನಮ್ಮ ವಿಜಾಪುರ ಜಿಲ್ಲಾನೂ ಮುಂಬಯಿ ಪ್ರಾಂತಕ್ಕ ಸೇರಿತ್ತು. ಹಳದಿ ಬಾಮು, ಕಾಸಿದ ಎಲಿ, ಉಪ್ಪಿನ ಗಂಟು, ಕಡೀಕ ಚುಟಗಿ: ಎಲ್ಲಾದರ ಹಿಂದೂ ಒಂದ ಯುಕ್ತಿ ಅದ. ನೋವಿದ್ದ ಜಾಗಾಕ್ಕ ಇನ್ನೊಂದು ಜೋರಿನ ಅನುಭವ ಕೊಟ್ಟು, ಒಳಗಿನ ನೋವನ್ನ ಸದ್ಯಕ್ಕ ಹಿಂದ ಸರಸೋದು. ಕರೆಂಟೂ ಮಾಡೋದು ಹೆಚ್ಚು ಕಡಿಮಿ ಇದನ್ನ.

ಈಗ ಮೀನಿನ ಕತಿಗೆ ಬರ್ತೀನಿ. ರೋಮ್ ದೇಶದಾಗ ಸ್ಕ್ರಿಬೋನಿಯಸ್ ಲಾರ್ಗಸ್ ಅನ್ನೋ ವೈದ್ಯ ಇದ್ದ, ಕ್ಲಾಡಿಯಸ್ ಚಕ್ರವರ್ತಿ ಕಾಲದಾಗ. ಕ್ರಿಸ್ತಶಕ 47ರ ಸುಮಾರಿಗೆ ಅವ ಔಷಧಗಳ ಒಂದು ಪುಸ್ತಕ ಬರದ. ಅದರೊಳಗ ಕಾಲಿನ ವಾತಕ್ಕ, ಅಂದ್ರ ಈಗ ಗೌಟ್ ಅಂತೀವಲ್ಲ ಅದಕ್ಕ, ಒಂದು ಉಪಾಯ ಹೇಳ್ಯಾನ: ಟಾರ್ಪೆಡೊ ಅನ್ನೋ ಕರೇ ಮೀನನ್ನ ಜೀವಂತ ಕಾಲ ಕೆಳಗ ಇಟ್ಕೊಂಡು, ಸಮುದ್ರದ ತೆರಿ ಬಂದು ತೋಯಿಸೋ ಹಸಿ ದಂಡಿ ಮ್ಯಾಲ ನಿಲ್ಲಬೇಕು, ಪಾದದಿಂದ ಮೊಣಕಾಲ ತನಕ ಜೋಮು ಹಿಡಿಯೂ ತನಕ ನಿಲ್ಲಬೇಕು. ಟೈಬೀರಿಯಸ್ ಚಕ್ರವರ್ತಿ ಬಿಡುಗಡಿ ಮಾಡಿದ್ದ ಆಂಥೆರೊ ಅನ್ನೋ ಗುಲಾಮಗ ಇದರಿಂದ ಗುಣ ಆತು ಅಂತ ಬರದಾನ. ಬಿಡದ ತಲಿಬ್ಯಾನಿಗೂ ಅದ ಮೀನ ಹಣಿ ಮ್ಯಾಲ ಇಡ್ರಿ ಅಂದಾನ. ಆ ಮೀನಿಗೆ ಮೈಯಾಗ ಕರೆಂಟ್ ಹುಟ್ಟಿಸೋ ಅಂಗ ಇರ್ತದ, ಬ್ಯಾಟಿ ಹಿಡಿಯಾಕ, ವೈರಿನ್ನ ಓಡಸಾಕ. ಅಂಥ ಜಾತಿ ಮೀನ ನಮ್ಮ ಭಾರತದ ಸಮುದ್ರದಾಗೂ ಅದಾವ. ರೋಮಿನವರಿಗೆ ಕರೆಂಟ್ ಅನ್ನೋ ಮಾತ ಗೊತ್ತಿರಲಿಲ್ಲ, ಗೊತ್ತಿದ್ದದ್ದು ಜೋಮು. ಲ್ಯಾಟಿನ್ನಾಗ ಟಾರ್ಪೆಡೊ ಅಂದ್ರನ ಜೋಮು ಹಿಡಿಸೋದು ಅಂತ ಅರ್ಥ.

ನಮ್ಮ ಅತ್ತಿಗೆ ಈ ಕತಿ ಓದಿ ಹೇಳಿದಾಗ ಅವರು ಕೇಳಿದ್ದು ಒಂದ ಮಾತು: "ಜೋಮು ಇಳದ ಮ್ಯಾಲ?" ಸ್ಕ್ರಿಬೋನಿಯಸ್ ಅದನ್ನ ಬರದಿಲ್ಲ. ಅದನ್ನ ಬರದವ 1700 ವರ್ಷ ಆದ ಮ್ಯಾಲ ಬಂದ.

1745-46ರಾಗ ಯುರೋಪಿನ್ಯಾಗ ಲೈಡನ್ ಜಾಡಿ ಅಂತ ಒಂದು ಗಾಜಿನ ಭರಣಿ ಕಂಡುಹಿಡದ್ರು. ನಾವು ಉಪ್ಪಿನಕಾಯಿ ಹಾಕೋ ಭರಣಿ ಇದ್ದಂಗ, ಆದ್ರ ಅದರಾಗ ತುಂಬೋದು ಕರೆಂಟ್. ಮುಟ್ಟಿದವನ ಕೈ ಝಾಡಸ್ತಿತ್ತು. ಆಗ ಊರೂರಿಗೆ ಅದರ ಹುಚ್ಚು ಹಿಡೀತು. ಲಕ್ವಾ ಹೊಡದವರು, ಸಂದು ಹಿಡದವರು, ಹಲ್ಲುಬ್ಯಾನಿಯವರು ಎಲ್ಲಾರೂ ಸಾಲಹಚ್ಚಿ ನಿಂತ್ರು. ಇಂಗ್ಲೆಂಡಿನ್ಯಾಗ ಜಾನ್ ವೆಸ್ಲಿ ಅನ್ನೋ ಧರ್ಮಗುರು ಬಡವರಿಗೆ ಪುಕ್ಕಟೆ ಕರೆಂಟ್ ಕೊಟ್ಟು, 1760ರಾಗ ಅದರ ಮ್ಯಾಲ ಒಂದು ಪುಸ್ತಕನ ಬರದ. ಬಡವರ ಹಂತೇಕ ರೊಕ್ಕ ಇಲ್ಲ, ಇದು ಸೋವಿ ಔಷಧ ಅಂತ ಅವನ ವಿಚಾರ.

ನನಗ ಭಾಳ ಮನಸಿಗೆ ಬಂದವ ಅಮೆರಿಕಾದ ಬೆಂಜಮಿನ್ ಫ್ರಾಂಕ್ಲಿನ್. ಗಾಳಿಪಟ ಹಾರಿಸಿ ಸಿಡಿಲಿನಾಗ ಕರೆಂಟ್ ಅದ ಅಂತ ತೋರಿಸಿದವ ಅಂತ ಸಾಲ್ಯಾಗ ಓದಿರ್ತೀರಿ. ಲಕ್ವಾ ಹೊಡದವರು ದೂರ ದೂರದಿಂದ ಅವನ ಮನಿಗೆ ಬರ್ತಿದ್ರು. ಅವ ಬ್ಯಾಡ ಅನ್ನಲಿಲ್ಲ. ದೊಡ್ಡ ಗಾಜಿನ ಜಾಡಿಯಿಂದ ಕೈಗೆ ಕಾಲಿಗೆ ದಿನಾ ಶಾಕ್ ಕೊಟ್ಟ. 1757ರ ಡಿಸೆಂಬರಿನ್ಯಾಗ ಇಂಗ್ಲೆಂಡಿನ ಒಬ್ಬ ಡಾಕ್ಟರಿಗೆ ಬರದ ಪತ್ರದಾಗ ಅದರ ಲೆಕ್ಕಾ ಒಪ್ಪಿಸ್ಯಾನ. ಮೊದಲ ಮೈ ಬಿಸಿ ಆಗ್ತದ, ಚುಚ್ಚಿದಂಗ ಆಗ್ತದ, ಐದ ದಿನದ ತನಕ ಕೈ ದಿನಾ ಒಂದಿಷ್ಟು ಮ್ಯಾಲ ಏಳ್ತದ. ಐದ ದಿನ ದಾಟಿದ ಮ್ಯಾಲ ಸುಧಾರಣಿ ನಿಲ್ತದ. ರೋಗಿಗೆ ಬ್ಯಾಸರ ಆಗಿ ಮನಿಗೆ ಹೋಗ್ತಾನ, ಸ್ವಲ್ಪ ದಿನದಾಗ ಮೊದಲಿನಂಗ ಆಗ್ತಾನ. ಕಾಯಮ್ಮಾಗಿ ಗುಣ ಆದದ್ದು ನಾ ಒಂದೂ ನೋಡಿಲ್ಲ ಅಂತ ಫ್ರಾಂಕ್ಲಿನ್ ಬರದಾನ. ಇನ್ನೂ ಒಂದ ಹೆಜ್ಜಿ ಮುಂದ ಹೋಗಿ, ಆ ಐದ ದಿನದ ಸುಧಾರಣಿನೂ ಕರೆಂಟಿನಿಂದ ಆತೋ, ಇಲ್ಲಾ ಅಷ್ಟ ದೂರ ಪ್ರಯಾಣ ಮಾಡಿ ಮೈ ಆಡಿಸಿದ್ದರಿಂದ, ಗುಣ ಆಗ್ತದ ಅನ್ನೋ ಆಸೆಯಿಂದ ಆತೋ ಅಂತ ಅನುಮಾನನೂ ಪಟ್ಟಾನ. ಸ್ವಂತ ಕೈಲೆ ಕೊಟ್ಟ ಔಷಧದ ಮ್ಯಾಲ ಹಿಂಗ ಅನುಮಾನ ಪಡೋ ಮನಸು ನಮ್ಮ ಕಾಲದಾಗೂ ಅಪರೂಪ.

ಅವನ ಪತ್ರ ಓದಿದವರು ಕಡಿಮಿ, ಮಷೀನ್ ಮಾರಿದವರು ಹೆಚ್ಚು. 1791ರಾಗ ಇಟಲಿಯ ಗ್ಯಾಲ್ವನಿ ಕಪ್ಪಿ ಕಾಲಿನ ಪ್ರಯೋಗ ಪ್ರಕಟ ಮಾಡಿದ, 1800ರಾಗ ವೋಲ್ಟಾ ಬ್ಯಾಟರಿ ಮಾಡಿದ, 1831ರಾಗ ಫ್ಯಾರಡೆ ಅಯಸ್ಕಾಂತ ಆಡಿಸಿ ಕರೆಂಟ್ ಹುಟ್ಟಿಸಿದ. ಆಮ್ಯಾಲ ನೋಡ್ರಿ, ಟೊಂಕಕ್ಕ ಕಟ್ಟೋ ಕರೆಂಟ್ ಬೆಲ್ಟ್ ಏನು, ತಲಿ ಬಾಚೋ ಕರೆಂಟ್ ಬ್ರಶ್ ಏನು, ಪೇಪರಿನ ತುಂಬ ಜಾಹಿರಾತು. ಈಗಿನ ಟೆನ್ಸ್ ಮಷೀನಿನ ಅಜ್ಜಿ ಅನ್ನಬೇಕಂದ್ರ ಅದು ಅಮೆರಿಕಾದ ಚಾರ್ಲ್ಸ್ ವಿಲ್ಲಿ ಕೆಂಟ್ 1919ರಾಗ ಪೇಟೆಂಟ್ ತಗೊಂಡ ಎಲೆಕ್ಟ್ರೀಟ್. ಬ್ಯಾಟರಿ ಹಾಕಿ ಕೈಯಾಗ ಹಿಡದು ಮೈ ಮ್ಯಾಲ ಉರಳಿಸೋದು. ಭಾಳ ಮಾರಾಟ ಆತು. ನೋವಿಗೆ ಅದು ಖರೇನ ಸ್ವಲ್ಪ ಉಪಯೋಗ ಆಗಿದ್ದೀತು. ಆದ್ರ ಮಾರೋರು ಅಷ್ಟಕ್ಕ ಸುಮ್ಮನಿರಲಿಲ್ಲ, ನೂರೆಂಟು ರೋಗಕ್ಕ ಇದ ಔಷಧ ಅಂದ್ರು. 1938ರಾಗ ಅಮೆರಿಕಾದಾಗ ಹೊಸ ಕಾಯ್ದೆ ಬಂತು, ಸರಕಾರ ಕೆಂಟ್ ಮ್ಯಾಲ ಕೇಸ್ ಹಾಕ್ತು. ಕಡೀಕ ನೋವು ಕಡಿಮಿ ಮಾಡ್ತದ ಅನ್ನೋದೊಂದ ಮಾತು ಉಳೀತು, ಉಳಿದದ್ದೆಲ್ಲಾ ಬಿಡಬೇಕಾತು.

ಇಲ್ಲಿ ತನಕ ಯಾಕ ಕಡಿಮಿ ಆಗ್ತದ ಅನ್ನೋದು ಯಾರಿಗೂ ಸರಿ ಗೊತ್ತಿರಲಿಲ್ಲ. ಅದನ್ನ ತಿಳಸಿದ್ದು 1965ರಾಗ ಸೈನ್ಸ್ ಅನ್ನೋ ಪತ್ರಿಕಿಯೊಳಗ ಬಂದ ಒಂದು ಲೇಖನ. ಬರದವರು ಕೆನಡಾದ ರೊನಾಲ್ಡ್ ಮೆಲ್ಜಾಕ್, ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್. ಅವರ ವಿಚಾರಕ್ಕ ಬಾಗಲದ ಸಿದ್ಧಾಂತ ಅಂತಾರ, ಗೇಟ್ ಕಂಟ್ರೋಲ್. ನಮ್ಮ ಮನಿ ಮಾತಿನ್ಯಾಗ ಹೇಳ್ತೀನಿ. ಕೂಸು ಹೊಸ್ತಲಾ ಎಡವಿ ಮೊಣಕಾಲ ಬಡಕೊಂಡ್ರ ನಾವೇನ ಮಾಡ್ತೀವಿ? ಆ ಜಾಗಾ ತಿಕ್ಕತೀವಿ, ಉಫ್ ಅಂತ ಊದತೀವಿ. ತಿಕ್ಕಿದ ಕೂಡಲೇ ಅಳು ತಗ್ಗತದ. ಯಾಕ? ಮುಟ್ಟಿದ್ದು, ತಿಕ್ಕಿದ್ದು ತಿಳಿಸೋ ನರ ದಪ್ಪ ಇರ್ತಾವ, ಲಗೂ ಓಡ್ತಾವ. ನೋವಿನ ಸುದ್ದಿ ಒಯ್ಯೋ ನರ ಸಣ್ಣು ಇರ್ತಾವ, ಸಾವಕಾಶ ಹೋಗ್ತಾವ. ಎರಡೂ ಬೆನ್ನಹುರಿಯೊಳಗ ಒಂದ ಕಡೆ ಬಂದು ಕೂಡ್ತಾವ. ಅಲ್ಲೊಂದು ಬಾಗಲ ಅದ ಅಂತ ತಿಳೀರಿ. ದಪ್ಪ ನರದ ಸುದ್ದಿ ಜೋರಾಗಿ ಬರಾಕ ಹತ್ತಿದ್ರ ಬಾಗಲ ಅರ್ಧ ಮುಚ್ಚತದ, ನೋವಿನ ಸುದ್ದಿ ಮಿದುಳಿನ ತನಕ ಪೂರಾ ಮುಟ್ಟಂಗಿಲ್ಲ. ಜಾತ್ರಿಯೊಳಗ ಡೊಳ್ಳು ಬಡಿಯಾಕ ಹತ್ತಿದ್ರ ಹಿಂದ ನಿಂತವರು ಕರದದ್ದು ಕೇಳಸಂಗಿಲ್ಲಲ್ಲ, ಹಂಗ. ಅವರು ಕರಿಯೋದ ನಿಂತಿರಂಗಿಲ್ಲ.

ಬಾಗಲದ ವಿಚಾರದಾಗ ಮುಂದ ತಿದ್ದುಪಡಿ ಆಗ್ಯಾವ, ಖರೆ ದೇಹ ಅಷ್ಟ ಸರಳಿಲ್ಲ. ಆದ್ರ ಅದರಿಂದ ಕೆಲಸ ಲಗೂನ ಮುಂದ ಹೋತು. ಎರಡ ವರ್ಷಕ್ಕ, 1967ರಾಗ, ವಾಲ್ ಮತ್ತ ವಿಲಿಯಂ ಸ್ವೀಟ್ ಅನ್ನೋ ಸರ್ಜನ್ ಎಂಟು ಮಂದಿ ರೋಗಿಗಳ ನರಕ್ಕ ಸಣ್ಣ ಕರೆಂಟ್ ಕೊಟ್ಟು ನೋಡಿದ್ರು. ಎಲ್ಲಾರೂ ವರ್ಷಾನಗಟ್ಲೆ ಉರಿನೋವು ಪಟ್ಟವರು, ಬಟ್ಟಿ ತಾಗಿದ್ರೂ ಚೀರೋವಂಥವರು. ಸೆಕೆಂಡಿಗೆ 100 ಮಿಡಿತ, ಜುಮುಜುಮು ಅನ್ನೋವಷ್ಟ ಜೋರು. ಕರೆಂಟ್ ಇದ್ದಾಗ ಆ ಜಾಗಾ ಒತ್ತಿದ್ರೂ ನೋವು ಬರಲಿಲ್ಲ. ನಾಲ್ಕು ಮಂದಿಗೆ ಎರಡ ನಿಮಿಷ ಕೊಟ್ಟದ್ದಕ್ಕ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಆರಾಮ ಇತ್ತು. ಆ ಲೇಖನದ ಹೆಸರಿನಾಗನ "ತಾತ್ಕಾಲಿಕ" ಅನ್ನೋ ಮಾತದ: ಮನುಷ್ಯನ ನೋವಿನ ತಾತ್ಕಾಲಿಕ ನಿವಾರಣೆ. ಫ್ರಾಂಕ್ಲಿನ್ ಕಡೀಕ ಹೇಳಿದ್ದನ್ನ ಇವರು ತಲಿಬರಹದಾಗ ಹಾಕಿದ್ರು.

ಅದ ವರ್ಷ ಅಮೆರಿಕಾದ ನಾರ್ಮನ್ ಶೀಲಿ ಅನ್ನೋ ಸರ್ಜನ್ ಬೆನ್ನಹುರಿ ಹಂತೇಕ ತಂತಿ ಇಟ್ಟು ಕರೆಂಟ್ ಕೊಡೋ ಆಪರೇಶನ್ ಮಾಡಿದ. ಆಪರೇಶನ್ ಯಾರಿಗೆ ಹೊಂದ್ತದ, ಯಾರಿಗೆ ಹೊಂದಂಗಿಲ್ಲ ಅಂತ ಮೊದಲ ನೋಡಬೇಕಲ್ಲ, ಅದಕ್ಕ ಚರ್ಮದ ಮ್ಯಾಲಿಂದ ಕರೆಂಟ್ ಕೊಟ್ಟು ಪರೀಕ್ಷಾ ಮಾಡತಿದ್ರು. ಆ ಪರೀಕ್ಷಾದಾಗನ ಕೆಲವು ಮಂದಿ "ನಮಗ ಇಷ್ಟ ಸಾಕು, ಆಪರೇಶನ್ ಬ್ಯಾಡ" ಅಂದ್ರು. ಹಿಂಗ ಪರೀಕ್ಷಾ ಮಾಡೋ ಡಬ್ಬಿನ ಔಷಧದ ಡಬ್ಬಿ ಆತು. ಟೊಂಕಕ್ಕ ಸಿಗಿಸ್ಕೊಂಡು ತಿರಗಾಡೋವಂಥ ಟೆನ್ಸ್ ಮಷೀನಿಗೆ 1974ರಾಗ ಅಮೆರಿಕಾದಾಗ ಪೇಟೆಂಟ್ ಸಿಕ್ತು. ಮರು ವರ್ಷ, 1975ರಾಗ, ನಮ್ಮ ಮೈಯ ತಾನ ನೋವಿನ ಔಷಧ ತಯಾರ ಮಾಡ್ಕೋತದ ಅಂತ ಹ್ಯೂಸ್ ಮತ್ತ ಕಾಸ್ಟರ್ಲಿಟ್ಜ್ ತೋರಿಸಿದ್ರು, ಅಫೀಮಿನ ಗುಣದ್ದು ಅದು. ಸಾವಕಾಶ ಕೊಟ್ಟ ಕರೆಂಟ್, ಅಂದ್ರ ಸೆಕೆಂಡಿಗೆ ಎರಡೋ ನಾಲ್ಕೋ ಬಡಿತ, ಅದನ್ನ ಎಬ್ಬಸ್ತದ ಅಂತ ಆಮ್ಯಾಲ ಗೊತ್ತಾತು. ಅದಕ್ಕನ ಈಗಿನ ಮಷೀನಿನ್ಯಾಗ ಒಂದು ಬಟನ್ ಒತ್ತಿದ್ರ ಇರಬಿ ಹರದಾಡಿದಂಗ ಜುಮುಜುಮು ಅಂತದ, ಇನ್ನೊಂದು ಒತ್ತಿದ್ರ ಟಕ್ ಟಕ್ ಅಂತ ಬಡೀತದ.

ಇದು ನಮ್ಮ ಕಡೆ ಬಂದ ದಾರಿ ಬ್ಯಾರೆ. 1950ರ ದಶಕದ ಸುರುವಿನಾಗ ಮುಂಬಯಿಯೊಳಗ ಪೋಲಿಯೊ ಹಾವಳಿ ಆತು. ಕೈಕಾಲ ಸೋತ ಮಕ್ಕಳನ್ನ ನಡಸೋರು ಬೇಕಾದ್ರು. ವಿಶ್ವ ಆರೋಗ್ಯ ಸಂಸ್ಥೆ ನೆರವಿನಿಂದ ಅಲ್ಲಿ ಕೆಇಎಂ ಆಸ್ಪತ್ರಿಯೊಳಗ ಫಿಜಿಯೋಥೆರಪಿ ಕಲಿಸೋ ಸಾಲಿ ಸುರುವಾತು, ದೇಶದಾಗ ಅದ ಮೊದಲಿಂದು. 1956ರ ನವೆಂಬರ್ 1ರ ತನಕ ನಾವೂ ಮುಂಬಯಿ ರಾಜ್ಯದವರ. ಆಮ್ಯಾಲೂ ದೊಡ್ಡ ಬ್ಯಾನಿ ಬಂದ್ರ ಇಂಡಿ ಮಂದಿ ಸೊಲ್ಲಾಪುರದ ರೈಲು ಹತ್ತೋರು, ಉಳದವರು ಮಿರಜಿಗೆ ಹೋಗೋರು. ಬೆಂಗಳೂರು ಯಾರಿಗೆ ಗೊತ್ತಿತ್ತು? ವಿಜಾಪುರದಾಗನ ಮೆಡಿಕಲ್ ಕಾಲೇಜು ಆಗಿದ್ದು ಭಾಳ ತಡಾ: 1984ರಾಗ ಅಲ್ ಅಮೀನ್, 1986ರಾಗ ಬಿಎಲ್‌ಡಿಇದು. ಅವುಗಳ ಹಿಂದ ಸಾವಕಾಶ ತಾಲೂಕಿನ ಊರಿಗೂ ಕರೆಂಟ್ ಹಚ್ಚೋ ಕೋಲಿ ಬಂದ್ವು. ಅಲ್ಲಿ ಹಚ್ಚೋದು ಬಹಳ ಸಲ ಐಎಫ್‌ಟಿ ಅನ್ನೋ ದೊಡ್ಡ ಮಷೀನ್. ವಿಯೆನ್ನಾದ ಹಾನ್ಸ್ ನೆಮೆಕ್ 1950ರ ಸುಮಾರಿಗೆ ತಂದದ್ದು ಅದು, ಎರಡು ಕರೆಂಟ್ ಒಳಗ ಕೂಡಿಸಿ ಕೊಡೋದು. ಟೆನ್ಸ್ ಅದರ ಸಣ್ಣ ತಂಗಿ ಅಂದ್ರೂ ನಡೀತದ.

ಮನ್ಯಾಗಿನ ಮಷೀನಿನ ಬೆಲಿ ಗೊತ್ತಾಗೋದು ಇಲ್ಲಿ. ಫಿಜಿಯೋದವರು "ಹತ್ತ ದಿನ ಬರ್ರಿ" ಅಂತಾರ. ಹಳ್ಳಿಯಿಂದ ಬರೋ ಹೆಣ್ಣಮಗಳಿಗೆ ಹತ್ತ ದಿನ ಅಂದ್ರ ಹತ್ತ ದಿನದ ಕೂಲಿ ಹೋತು, ಬಸ್ಸಿಗೆ ಕಾಯೋದು ಬಂತು, ಮನ್ಯಾಗ "ಮತ್ತ ಹೊಂಟ್ಯಾ?" ಅನ್ನೋ ಮಾತು ಬಂತು. ಎರಡ ದಿನ ಹೋಗಿ ಬಿಡ್ತಾಳ. ಗಂಡಸರ ಟೊಂಕ ಹಿಡದ್ರ ಮನಿಮಂದಿ ಎಲ್ಲಾ ಎದ್ದ ನಿಲ್ತಾರ. ಹೆಂಗಸಿನ ಟೊಂಕ ಹಿಡದ್ರ "ಹೆಣ್ಣಮಕ್ಕಳಿಗೆ ಇದ್ದದ್ದ" ಅಂತಾರ. ನಾವೂ ಅನ್ಕೋತೀವಿ. ನುಂಗೋ ಗುಳಗಿ ಒಂದ ದಾರಿ ಉಳೀತದ. ಅಂಗಡಿಯಿಂದ ತಂದು ತಿಂಗಳಾನಗಟ್ಲೆ ನೋವಿನ ಗುಳಗಿ ನುಂಗಿ ಮೂತ್ರಪಿಂಡ ಕೆಡಸ್ಕೊಂಡವರು, ಹೊಟ್ಟಿ ಹುಣ್ಣು ಮಾಡ್ಕೊಂಡವರು ನಮ್ಮ ಬಳಗದಾಗ ಅದಾರ. ಗುಳಗಿ ಎರಡು ಕಡಿಮಿ ಆದ್ರೂ ಈ ಡಬ್ಬಿ ತನ್ನ ಕೆಲಸ ಮಾಡಿದಂಗ.

ಖರೇನ ಕೆಲಸ ಮಾಡ್ತದೋ, ಇಲ್ಲಾ ಫ್ರಾಂಕ್ಲಿನ್ ಅಂದಂಗ ಮನಸಿನ ಆಸೆಯೋ? ಇದನ್ನ ನೋಡಾಕ ಅರ್ಧ ಮಂದಿಗೆ ಕರೆಂಟ್ ಬರಲಾರದ ಸುಳ್ಳ ಮಷೀನ್ ಹಚ್ಚಿ ಹೋಲಸ್ತಾರ. 2022ರಾಗ ಟೆನ್ಸಿನ 381 ಪ್ರಯೋಗ, 24,532 ಮಂದಿ ಲೆಕ್ಕ ಕೂಡಿಸಿ ನೋಡಿದ್ರು. ಹಚ್ಚಿದಾಗ, ತೆಗದ ಕೂಡಲೇ, ನೋವು ಸುಳ್ಳ ಮಷೀನಿಗಿಂತ ಕಡಿಮಿ ಇತ್ತು. ದೊಡ್ಡ ಅಪಾಯ ಕಂಡಿಲ್ಲ. ಮುಟ್ಟಿನ ಹೊಟ್ಟಿಬ್ಯಾನಿಗೂ ಜುಮುಜುಮು ಅನ್ನೋ ಕರೆಂಟ್ ಉಪಯೋಗ ಆಗ್ತದ ಅಂತ ಪ್ರಯೋಗ ಹೇಳ್ತಾವ. ನಮ್ಮ ಹುಡಿಗ್ಯಾರಿಗೆ ಇದನ್ನ ಹೇಳಬೇಕು, ಅವರು ಕಾಲೇಜಿನ್ಯಾಗ ಹೊಟ್ಟಿ ಹಿಡ್ಕೊಂಡು ಕುಂತಿರ್ತಾರ. ಹಂಗಂತ ಎಲ್ಲಾರೂ ಒಪ್ಪಿಲ್ಲ. ಇಂಗ್ಲೆಂಡಿನ ನೈಸ್ ಅನ್ನೋ ಸಂಸ್ಥಾ 2016ರಾಗ ಟೊಂಕಬ್ಯಾನಿಗೆ ಟೆನ್ಸ್ ಕೊಡಬ್ಯಾಡ್ರಿ ಅಂತು. ಜೋರು ಹೆರಿಗಿ ಬ್ಯಾನಿ ಸುರುವಾದ ಮ್ಯಾಲೂ ಬ್ಯಾಡ ಅಂತ ಹೇಳ್ಯದ. ನೋವು ಬಂದಾಗ ಹೊತ್ತ ಕಳಿಯೋದಕ್ಕ ಇದು, ಟೊಂಕ ರಿಪೇರಿಗೆ ಅಲ್ಲ ಅಂತ ನಾ ಇದನ್ನ ತಿಳ್ಕೊಂಡೀನಿ.

ನಮ್ಮ ಓಣಿಯ ಒಬ್ಬ ದೊಡ್ಡವ್ವನ ಸುದ್ದಿ ಹೇಳದ ಮುಂದ ಹೋಗಾಕ ಮನಸ ಬರವಲ್ದು. ಜಾತ್ರಿಯೊಳಗ ಒಬ್ಬವ ಟೇಬಲ್ ಹಾಕ್ಕೊಂಡು ಕುಂತು ಬಂದವರಿಗೆಲ್ಲಾ ಪುಕ್ಕಟೆ ಕರೆಂಟ್ ಹಚ್ಚಿ ತೋರಸ್ತಿದ್ದ. "ನಲವತ್ತು ದಿನ ಹಚ್ಚರಿ, ಡಾಕ್ಟರ್ ಮುಖಾ ನೋಡೋದ ಬ್ಯಾಡ" ಅಂದ. ದೊಡ್ಡವ್ವಗ ನಡಾ ಬ್ಯಾನಿ ಇತ್ತು. ಹಚ್ಚಿದಾಗ ಖರೇನ ಕಡಿಮಿ ಆತು, ತಗೊಂಡ್ಲು. ನಲವತ್ತು ಹೋಗಿ ನಾಲ್ಕು ತಿಂಗಳಾತು. ದಿನಾ ಮುಂಜಾನಿ ಹಚ್ಚೋದು, ಹೊಲಕ್ಕ ಹೋಗೋದು. ಸಂಜಿಮುಂದ ಮೈ ಬೆಚ್ಚಗಾಗ್ತಿತ್ತು, ದಣಿವು ಅಂತ ತಿಳದ್ಲು. ಮೈ ಇಳದು ಕುಬಸ ಸಡ್ಲಾತು, ವಯಸ್ಸು ಅಂತ ತಿಳದ್ಲು. ಕಡೀಕ ಕಾಲಾಗ ಶಕ್ತಿ ಹೋಗಿ ಅಂಗಳದಾಗ ಬಿದ್ಲು. ವಿಜಾಪುರಕ್ಕ ಒಯ್ದು ಸ್ಕ್ಯಾನ್ ಮಾಡಿಸಿದ್ರ ಬೆನ್ನೆಲಬಿನ ಕ್ಷಯ. ಕ್ಷಯ ಅಂದ್ರ ಕೆಮ್ಮಷ್ಟ ಅಲ್ಲ, ಎಲಬಿಗೂ ಬರ್ತದ. ಸರಕಾರದ ಗುಳಗಿ ಪುಕ್ಕಟೆ ಸಿಕ್ವು, ವರ್ಷಾನಗಟ್ಲೆ ನುಂಗಿದ್ಲು, ಜೀವ ಉಳೀತು. ಒಂದ ಕಾಲು ಮಾತ್ರ ಈಗ್ಲೂ ಎಳದು ಹಾಕ್ತಾಳ. ಆ ಮಷೀನ್ ಕೆಟ್ಟಿದ್ದಿಲ್ಲ. ಅದು ಮಾಡೋ ಕೆಲಸ ಸರಿಯಾಗೇ ಮಾಡ್ತು, ಬ್ಯಾನಿ ಮುಚ್ಚತು. ಮುಚ್ಚಬಾರದ ಬ್ಯಾನಿ ಅದು.

ಅದಕ್ಕ ನಮ್ಮ ಮನ್ಯಾಗ ಯಾರಾದರೂ "ನಂಗೂ ಹಚ್ಚ" ಅಂತ ಬಂದ್ರ ನಾ ಮೊದಲ ಕೇಳೋದು, ಡಾಕ್ಟರಿಗೆ ತೋರಿಸೀಯೇನವ್ವಾ ಅಂತ. ಯಾವ ಬ್ಯಾನಿ ಅಂತ ಹೆಸರ ಗೊತ್ತಿರಬೇಕು. ಜ್ವರ, ಮೈ ಇಳಿಯೋದು, ಕಾಲ ಸೋಲೋದು, ಒಂದಕ್ಕ ಎರಡಕ್ಕ ಹಿಡಿತ ತಪ್ಪೋದು, ರಾತ್ರಿ ಮಲಗಿದಾಗೂ ಬಿಡದ ಬ್ಯಾನಿ, ಇವು ಇದ್ರ ಮಷೀನ್ ಬದಿಗಿಡ್ರಿ, ಗಾಡಿ ಹತ್ರಿ. ಎದಿಯೊಳಗ ಪೇಸ್‌ಮೇಕರ್ ಇದ್ದವರು ಮುಟ್ಟಲೇಬಾರದು. ಬಸರು ಹೆಂಗಸರು ಹೊಟ್ಟಿಗೆ, ಟೊಂಕಕ್ಕ ಹಚ್ಚಕೋಬಾರದು. ಮೂರ್ಛೆರೋಗ ಇದ್ದವರು, ಕ್ಯಾನ್ಸರ್ ಆದವರು ಡಾಕ್ಟರಿಗೆ ಕೇಳದ ಹಚ್ಚಬಾರದು. ಒಂದ ಕಾಲು ಒಮ್ಮಿಗೇ ಬಾತು ಮೀನಗಂಡ ನೂಸಾಕ ಹತ್ತಿದ್ರ ಒಳಗ ರಕ್ತ ಹೆಪ್ಪುಗಟ್ಟಿರಬಹುದು, ಅದಕ್ಕೂ ಬ್ಯಾಡ. ಗಂಟಲ ಮುಂದ, ಕಣ್ಣ ಹಂತೇಕ, ಎದಿ ಮ್ಯಾಲ, ಗಾಯದ ಮ್ಯಾಲ ಯಾರಿಗೂ ಬ್ಯಾಡ. ಸಕ್ಕರಿ ಬ್ಯಾನಿ ಹಳೇದಾಗಿ ಪಾದ ಜಡ ಆದವರು ವಿಶೇಷ ಹುಷಾರಿರಬೇಕು. ಅಲ್ಲಿ ಎಷ್ಟ ಜೋರು ಅನ್ನೋದ ತಿಳಿಯಂಗಿಲ್ಲ, ಚರ್ಮ ಸುಡತದ.

ಇನ್ನೊಂದು ನಮ್ಮ ಕಡೆದ್ದ ತೊಂದ್ರಿ. ಔಡಲ ಎಣ್ಣಿ, ಬಾಮು ಹಚ್ಚಿದ ಮೊಣಕಾಲಿಗೇ ಪ್ಯಾಡ್ ಹಚ್ಚತಾರ. ಎಣ್ಣಿಗೆ ಪ್ಯಾಡ್ ಅಂಟಂಗಿಲ್ಲ, ಅರ್ಧ ಅಂಟಿದ ಪ್ಯಾಡಿನಿಂದ ಕರೆಂಟ್ ಒಂದ ಕಡೆ ಚುಚ್ಚತದ, ಬಾಮಿನ ಉರಿ ಬ್ಯಾರೆ ಕೂಡತದ. ಸಾಬಾಣ ಹಚ್ಚಿ ತೊಳದು, ಒರಸಿ, ಒಣಗಿದ ಮ್ಯಾಲ ಹಚ್ಚರಿ. ನೋವಿನ ಜಾಗಾದ ಎರಡೂ ಬಾಜೂಕ ಪ್ಯಾಡ್ ಬರಬೇಕು. ಜೋರು ಅನಿಸಬೇಕು, ನೋವು ಅನಿಸಬಾರದು. "ಹೆಚ್ಚ ಇಟ್ರ ಲಗೂ ಗುಣ" ಅಂತ ತಿರುವಿ ತಿರುವಿ ಏರಿಸೋರು ಅದಾರ, ಅದು ಚುಟಗಿ ಕಾಲದ ಲೆಕ್ಕ. ಅರ್ಧ ತಾಸಿನ ಆಜೂಬಾಜೂ ಸಾಕು. ಹಚ್ಕೊಂಡು ಮಲಗಬಾರದು, ಜಳಕಾ ಮಾಡಬಾರದು, ಗಾಡಿ ಹೊಡಿಬಾರದು.

ಕರೆಂಟ್ ಹೋದಾಗ ನಡೀತದೇನ ಅಂತ ಚಿಗವ್ವ ಒಮ್ಮಿ ಕೇಳಿದ್ಲು. ಬ್ಯಾಟರಿ ಮ್ಯಾಲ ನಡೀತದ. ನಮ್ಮ ಬಾಜೂಕ ಆಲಮಟ್ಟಿಯೊಳಗ 290 ಮೆಗಾವ್ಯಾಟ್ ಹುಟ್ಟತದ, ಆದ್ರೂ ಹೆಸ್ಕಾಂನವರು ತೆಗದಾಗ ಮನ್ಯಾಗ ಚಾಲೂ ಇರೋದು ಇದೊಂದ.

ಕಡೀ ಮಾತು ಹಚ್ಚೋ ಹೊತ್ತಿಂದು. ಎಲ್ಲಾರೂ ಕೆಲಸ ಮುಗಿಸಿ, ಸೋತು, ಮಲಗೋಮುಂದ ಹಚ್ಕೋತಾರ. 2020ರಾಗ ಅಮೆರಿಕಾದಾಗ ಮೈಯೆಲ್ಲಾ ನೂಸೋ ಫೈಬ್ರೊಮಯಾಲ್ಜಿಯಾ ಅನ್ನೋ ಬ್ಯಾನಿ ಇದ್ದ 301 ಹೆಣ್ಣಮಕ್ಕಳ ಮ್ಯಾಲ ಒಂದು ಪ್ರಯೋಗದ ಫಲಿತಾಂಶ ಬಂತು. ಅವರಿಗೆ ಕೆಲಸ ಮಾಡ್ಕೋತ, ಮೈ ಆಡಿಸ್ಕೋತನ ಹಚ್ಕೋರಿ ಅಂತ ಹೇಳಿದ್ರು. ನಾಲ್ಕು ವಾರದ ಮ್ಯಾಲ ಖರೇ ಮಷೀನ್ ಹಚ್ಚಿದವರಿಗೆ ಓಡಾಡಿದಾಗ ಬರೋ ನೋವು, ದಣಿವು ಎರಡೂ ಸುಳ್ಳ ಮಷೀನಿನವರಿಗಿಂತ ಕಡಿಮಿ ಆಗಿತ್ತು. ಇದನ್ನ ಓದಿದ ಮ್ಯಾಲ ನಮ್ಮ ಅತ್ತಿ ಹೊತ್ತ ಬದಲಿ ಮಾಡ್ಯಾರ. ಮುಂಜಾನಿ ಮೊಣಕಾಲಿಗೆ ಪ್ಯಾಡ್ ಅಂಟಿಸಿ, ಡಬ್ಬಿ ಸೀರಿ ಚುಂಗಿಗೆ ಸಿಗಿಸ್ಕೊಂಡು, ಫಿಜಿಯೋದವರು ಹೇಳಿದ ಕಾಲೆತ್ತೋ ವ್ಯಾಯಾಮ ಮಾಡ್ತಾರ, ಆಮ್ಯಾಲ ಅಂಗಳದಾಗ ಹತ್ತು ಸುತ್ತು ಹಾಕ್ತಾರ. ಮಷೀನ್ ತೆಗದ ಮ್ಯಾಲ ಒಂದು ತಾಸು ಆರಾಮ ಇರ್ತದ ಅಂತಾರ. ಆ ತಾಸಿನ್ಯಾಗ ರೊಟ್ಟಿ ಆಗ್ತಾವ, ಈಗ ನೆಲಕ್ಕಲ್ಲ, ಕಟ್ಟಿ ಮ್ಯಾಲ ನಿಂತು.